ಲೇತಿಗೆ ಅತ್ತೆಯ ಉಡುಗೊರೆ

"ಫೋಟೋ ನೋಡಿ ಮದುವೆಯಾದೋನೂ ಬಣ್ಣ ನೋಡಿ ಲೇತ್ ತಗೊಂಡೋನೂ ಇಬ್ರೂ ಒಂದೇ, ಅಳಿಯಂದ್ರೇ," ಎನ್ನುತ್ತ ಮಾವ ಶೆಡ್ಡಿನಲ್ಲಿ ಹೊಸ ಲೇತಿನ ಸುತ್ತ ಒಂದು ಸುತ್ತು ಬಂದರು. ಮೂವತ್ತು ವರ್ಷ ಕಾರ್ಖಾನೆಯಲ್ಲಿ ಲೇತು ಓಡಿಸಿದವರು. ಬಲಗೈಯಲ್ಲಿ ಬೆರಳು ಮೂರೇ.

ಅಳಿಯ ಹಲ್ಲಿನ ಡಾಕ್ಟರು. ಎಂಟು ತಿಂಗಳು ಪುಸ್ತಕ ಓದಿ, ಅಂಗಡಿ ಅಂಗಡಿ ಅಲೆದು, ಹವ್ಯಾಸಕ್ಕೆಂದು, ಲೋಹವನ್ನು ತಿರುಗಿಸಿ ಕಡೆಯುವ, ಮೇಜಿನ ಮೇಲೆ ಕೂರುವಂಥ ತನ್ನ ಮೊದಲ ಲೇತನ್ನು ಆರಿಸಿದ್ದ. ಕಬ್ಬಿಣ ಕಚ್ಚಿ ಹಿಡಿದು ತಿರುಗಿಸಲು ಮೂರು ದವಡೆಯ ಚಕ್ ಒಂದು ಸಾಕಿತ್ತು. ನಾಲ್ಕು ದವಡೆಯದನ್ನೂ ತಂದಿದ್ದ. ಹಲ್ಲಿನ ಡಾಕ್ಟರಲ್ಲವೇ, ದವಡೆ ಕಂಡರೆ ಬಿಡಲಾರ. ಟೂಲುಗಳು, ಕ್ಯಾಲಿಪರ್, ಎಣ್ಣೆ ಡಬ್ಬಿ ಎಲ್ಲ ಟ್ರೇಯಲ್ಲಿ ಸಾಲಾಗಿ ಕೂತಿದ್ದವು. ಮದುವೆಯಾಗಿ ಹತ್ತು ವರ್ಷವಾದರೂ ಮಾವನ ಬಾಯಿಂದ ಒಂದು 'ಭೇಷ್' ಬಿದ್ದಿರಲಿಲ್ಲ. ಇವತ್ತು ಅವನಿಗೆ ಅದು ಬೇಕೇ ಬೇಕಿತ್ತು.

ಮಾವ ಟೂಲ್ ಹಿಡಿಯುವ ಭಾಗವನ್ನು ಈ ತುದಿಯಿಂದ ಆ ತುದಿಗೆ ಓಡಿಸಿದರು. ಎಲ್ಲೂ ಬಿಗಿಯಲಿಲ್ಲ, ಎಲ್ಲೂ ಅಲ್ಲಾಡಲಿಲ್ಲ. ತಪ್ಪು ಸಿಗದೆ ಅವರ ಮುಖ ಸಪ್ಪಗಾಯಿತು. "ಪರವಾಗಿಲ್ಲ," ಎಂದರು.

ಅಷ್ಟರಲ್ಲಿ ಅತ್ತೆ ಒಂದು ಪೊಟ್ಟಣ ತಂದರು. ಒಳಗೆ ದಪ್ಪ ತೊಗಲಿನ ಕೈಗವಸು. "ಇದು ನನ್ನ ಕಡೆಯಿಂದ. ಮದುವೆಯಾದ ವರ್ಷ ನಿಮ್ಮ ಮಾವನಿಗೂ ಕೊಡಿಸಿದ್ದೆ. ಬೆರಳು ಹೋದ ದಿನವೇ ಹಾಕ್ಕೊಳ್ಳೋದು ಮರೆತರಂತೆ, ಮಹಾರಾಯರು!" ಎಂದು ಹೇಳಿ, ಒಲೆಯ ಮೇಲಿನ ಹಾಲು ನೆನಪಾಗಿ ಓಡಿದರು.

ಅಳಿಯ ಖುಷಿಯಿಂದ ಗವಸು ಏರಿಸಿಕೊಂಡ. "ಗವಸಿಲ್ಲದೆ ನಾನು ಹಲ್ಲೂ ಮುಟ್ಟಲ್ಲ, ಮಾವ," ಎಂದು ಸ್ವಿಚ್ಚಿಗೆ ಕೈ ಚಾಚಿದ.

ಮಾವ ಅವನ ಮಣಿಕಟ್ಟು ಹಿಡಿದರು. ಮೂರೇ ಬೆರಳಾದರೂ ಉಡದ ಪಟ್ಟು. "ತೆಗೀರಿ ಅದನ್ನ."

"ಯಾಕೆ ಮಾವ?"

ಮಾವ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ತಿರುಗೋ ಚಕ್ಕಿಗೆ ಬರಿಗೈ ತಾಗಿದ್ರೆ ಚರ್ಮ ತರಚಿ ಬಿಟ್ಟರೂ ಬಿಟ್ಟೀತು. ಗವಸಿನ ತುದಿ ಸಿಕ್ಕಿದ್ರೆ ಕೈಯನ್ನೇ ಒಳಗೆ ಎಳ್ಕೊಳ್ಳುತ್ತೆ. ಕಾರ್ಖಾನೆ ಮೇಸ್ತ್ರಿ ಗವಸು ಬೇಡ ಅಂದಿದ್ದ. ಹೊಸ ಹೆಂಡತಿ ಕೊಟ್ಟಿದ್ದು ಅಂತ ನನಗೆ ಜಂಭ. ಆವತ್ತು ನಾನು ಮರೆತಿರಲಿಲ್ಲ, ಹಾಕ್ಕೊಂಡೇ ಇದ್ದೆ."

ಅಳಿಯ ಗವಸು ಕಳಚಿದ. "ಅತ್ತೆಗೆ ಹೇಳಲೇ ಇಲ್ವಾ?"

"'ನೀನು ಕೊಟ್ಟ ಗವಸಿಂದಲೇ ಬೆರಳು ಹೋಯ್ತು' ಅಂತ ಅವಳಿಗೆ ಯಾವ ಬಾಯಲ್ಲಿ ಹೇಳ್ಲಿ? ಮರೆಗುಳಿ ಅನ್ನಿಸ್ಕೊಂಡು ಇಷ್ಟು ವರ್ಷ ಸಂಸಾರ ಮಾಡಿದೀನಿ. ಸುಖವಾಗೇ ಇದೀನಿ."

ಗವಸು ಕಿಟಕಿಯ ಕಟ್ಟೆ ಸೇರಿತು. ಲೇತು ಗುಂಯ್‌ಗುಟ್ಟಿತು; ಹಿತ್ತಾಳೆಯ ತುಂಡಿನಿಂದ ಹೊಳೆಯುವ ಸುರುಳಿಗಳು ಉದುರಿದವು. ಕಾಫಿ ಹಿಡಿದು ಬಂದ ಅತ್ತೆಯ ಕಣ್ಣು ನೇರವಾಗಿ ಕಿಟಕಿಗೇ ಹೋಯಿತು. "ಗವಸು ಯಾಕೆ ಅಲ್ಲಿದೆ?"

ಮಾವ ಅಳಿಯನತ್ತ ನೋಡಿದರು. ಅಳಿಯ ಲೇತು ನಿಲ್ಲಿಸಿ ತಲೆ ಕೆರೆದುಕೊಂಡ. "ಹಾಕ್ಕೊಳ್ಳೋದು ಮರೆತೇಬಿಟ್ಟೆ, ಅತ್ತೆ."

"ಮಾವನ ಈ ಕೈ ಕಣ್ಣೆದುರಿಗೇ ಇದ್ರೂ ಬುದ್ಧಿ ಬರಲಿಲ್ವಾ? ಒಳ್ಳೇ ಮಾವನಿಗೆ ಒಳ್ಳೇ ಅಳಿಯ!" ಅತ್ತೆ ಕಾಫಿಯನ್ನು ಕುಕ್ಕಿಟ್ಟರು.

ಮಾವ ಆ ಹಿತ್ತಾಳೆ ತುಂಡನ್ನು ಎತ್ತಿ, ಬಹಳ ಹೊತ್ತು ತಿರುಗಿಸಿ ತಿರುಗಿಸಿ ನೋಡಿದರು.

"ಭೇಷ್," ಎಂದರು.