ಇನ್ನೂ ಕಾಣತಾವೇನು?

ಇವತ್ತೂ ತಪ್ಪಿದರೆ ಏನಾದೀತು? ಮೈಲಾರಿ ಕೆರೆಯ ದಂಡೆಯಲ್ಲಿ ಕ್ಯಾಮೆರಾ ಹಿಡಿದು ತನ್ನನ್ನೇ ಕೇಳಿಕೊಂಡ. ಉತ್ತರ ಗೊತ್ತಿತ್ತು. ಹಾರುವ ಪಟ್ಟೆತಲೆ ಬಾತಿನ ಈ ವರ್ಷದ ಸ್ಪಷ್ಟ ಚಿತ್ರ ಮಧ್ಯಾಹ್ನದೊಳಗೆ ತಾಲೂಕು ಕಚೇರಿ ಸೇರದಿದ್ದರೆ, ಹಕ್ಕಿಯಿಲ್ಲದ ಕೆರೆಯೆಂದು ಬರೆದು ನಾಳೆಯೇ ಮಣ್ಣು ತುಂಬುತ್ತಾರೆ. ಆದರೆ ಹಾರುವ ಹಕ್ಕಿಯನ್ನು ಸ್ಪಷ್ಟವಾಗಿ ಸೆರೆಹಿಡಿದವರಿಗೆ ಆ ಜಾತಿ ಮತ್ತೆಂದೂ ಕಣ್ಣಿಗೆ ಬೀಳುವುದಿಲ್ಲ, ದನಿಯಷ್ಟೇ ಕೇಳುತ್ತದೆ. ಹೋದ ವರ್ಷದ ಚಿತ್ರ ತೆಗೆದ ಕಸ್ತೂರಕ್ಕ ಈಗ ರೆಕ್ಕೆಯ ಸದ್ದು ಕೇಳಿಯೇ ಅವನಿಗೆ ಚಿತ್ರ ತೆಗೆಯಲು ಕಲಿಸುತ್ತಿದ್ದಳು.

“ಎದ್ದವು ನೋಡು! ಹಕ್ಕಿ ಹಿಂದ ಓಡಬ್ಯಾಡ, ಅದರ ಜೋಡಿ ತಿರುಗು,” ಎಂದಳು.

ಅವನು ಗುಂಡಿ ಒತ್ತಿದ.

“ಇನ್ನೂ ಕಾಣತಾವೇನು?” ದಿನವೂ ಅವಳು ಕೇಳುವ ಪ್ರಶ್ನೆ.

“ಕಾಣತಾವ್ರಿ ಅಕ್ಕಾ.”

“ನನಗ ಕಲಿಸೂದು ಬರಲಿಲ್ಲ ಬಿಡು. ಕೈಯಾರ ಕೆರಿ ಮುಚ್ಚಿಸಿದಂಗಾತು,” ಎಂದು ಅವಳು ಮುಖ ತಿರುಗಿಸಿಕೊಂಡಳು.

ಬಾತುಗಳು ಒಂದು ಸುತ್ತು ಹಾಕಿ ಮರಳಿದವು. ಮುಂದಿನ ಬಾತಿನ ತಲೆಯ ಎರಡು ಕಪ್ಪು ಪಟ್ಟೆಗಳನ್ನು ಮೈಲಾರಿ ಕಣ್ತುಂಬ ನೋಡಿದ. ಅದರ ಜೊತೆಗೇ ತಿರುಗುತ್ತ ಗುಂಡಿ ಒತ್ತಿದ. ಆಕಾಶ ಬರಿದಾಯಿತು. ರೆಕ್ಕೆಗಳ ಸದ್ದು ತಲೆಯ ಮೇಲೆ ಹಾದುಹೋಗಿ, ಖಾಲಿ ನೀರಿನ ಮೇಲೆ ನೂರಾರು ಗೀರುಗಳು ಎದ್ದವು.

“ಈಗ?”

“ಇಲ್ರಿ.”

“ಅಂತೂ ಕಲಿತಿಪಾ, ಕಡೀ ದಿನಾ ಕಲಿತಿ!” ಕಸ್ತೂರಕ್ಕ ಅವನ ತಲೆ ಸವರುತ್ತ ಅತ್ತಳು.

ತಿಂಗಳ ಹಿಂದೆಯೇ ಕಲಿತಿದ್ದೆ, ಅವುಗಳನ್ನು ನೋಡುವ ಆಸೆಗೆ ದಿನವೂ ಬೇಕೆಂದೇ ತಪ್ಪಿಸಿದೆ ಎಂದು ಅವನು ಅವಳಿಗೆ ಎಂದೂ ಹೇಳಲಿಲ್ಲ.