ಹನ್ನೆರಡು ತಲೆ

ಸುಕ್ರಿಯ ಕಾಲ ಬಳಿ ಎರಡು ಬುಟ್ಟಿಗಳಿದ್ದವು. ಸಣ್ಣಮ್ಮನ ಕಣ್ಣು ಮೊದಲು ಹೋದದ್ದೇ ಅಲ್ಲಿಗೆ.

ಅಘನಾಶಿನಿ ಹೊಳೆಯ ನಡುದಿಬ್ಬದಲ್ಲಿ ಬಳಚು ಚಿಪ್ಪು ಆರಿಸಿ ಹೆಂಗಸರು ದೋಣಿ ಹತ್ತಿದ್ದರು. ಭರತದ ನೀರು ಏರತೊಡಗಿತ್ತು. ಇನ್ನರ್ಧ ಗಂಟೆಯಲ್ಲಿ ದಿಬ್ಬವೇ ಮುಳುಗುತ್ತದೆ. ಹಿಂದೆ ಉಳಿದವರು ಉಳಿಯುವುದಿಲ್ಲ.

ಒಬ್ಬಳು ಬೆಳಗ್ಗಿನಿಂದ ಬಗ್ಗಿದರೂ ತುಂಬುವುದು ಒಂದೇ ಬುಟ್ಟಿ. ಇನ್ನೊಂದು ಕದ್ದದ್ದೇ ಇರಬೇಕು. ಬಿತ್ತಿದಂತೆ ಬೆಳೆ! ತದಡಿಯಲ್ಲಿ ದೋಣಿ ನಿಲ್ಲುವ ಧಕ್ಕೆಯ ಮೇಲೆ ಯಾರೋ ಬಿಟ್ಟುಹೋದ ಕೂಸು ಇವಳು. ಶುಕ್ರವಾರ ಸಿಕ್ಕಿದ್ದಕ್ಕೆ ಸುಕ್ರಿ. ಇಪ್ಪತ್ತೆರಡು ವರ್ಷ ಸಣ್ಣಮ್ಮ ಅವಳನ್ನು ಕಟ್ಟಿಗೆ ಕೊಟ್ಟಿಗೆಯಲ್ಲಿ ಮಲಗಿಸಿ, ಉಳಿದ ಗಂಜಿ ಹಾಕಿ ಸಾಕಿದ್ದಳು. ಕೇಳದೆ ಬಾಯಿ ತೆರೆದರೆ ಬೆನ್ನಿಗೆ ಏಟು. ಆ ಪಾಠವೊಂದು ಚೆನ್ನಾಗಿ ನಾಟಿತ್ತು.

ಹೋಗುವಾಗ, ಬರುವಾಗ ತಲೆ ಎಣಿಸುವುದು ಸಣ್ಣಮ್ಮನ ಕೆಲಸ. ತನ್ನನ್ನು ಬಿಟ್ಟು, ಮಗಳು ವಿನುತಾ ಸೇರಿ, ಕೇರಿಯ ಹೆಂಗಸರು ಹನ್ನೆರಡು ಮಂದಿ. ಸುಕ್ರಿಯನ್ನು ಎಣಿಸುವ ಪದ್ಧತಿ ಇರಲಿಲ್ಲ. ಕುಲ ಗೊತ್ತಿಲ್ಲದವಳನ್ನು ಸೇರಿಸಿದರೆ ಹೊಳೆಗೆ ಆಗುವುದಿಲ್ಲವಂತೆ.

ಅದಕ್ಕೇ ಬೆಳಗ್ಗೆ ತಾಯಿ-ಮಗಳಿಗೆ ಜಗಳವಾಗಿತ್ತು.

"ಬುಟ್ಟಿ ಎಷ್ಟು ಅಂತ ಎಣಿಸ್ತೆ. ಅವಳನ್ನ ಎಣಿಸುಕೆ ಎಂತ ದಾಡಿ, ಆಯಿ? ಅವಳು ಮನುಷ್ಯಳಲ್ದಾ?" ಎಂದ ವಿನುತಾ ಆಮೇಲೆ ಮಾತೇ ಬಿಟ್ಟಿದ್ದಳು. ಒಬ್ಬಳೇ ಮಗಳು. ಸಣ್ಣಮ್ಮನಿಗೆ ಆ ಮೌನ ಗಂಟಲ ಮುಳ್ಳಾಗಿತ್ತು. ಹಟಕ್ಕೆ ಬಿದ್ದು ಅವಳೂ ಮಗಳತ್ತ ತಿರುಗಿ ನೋಡಿರಲಿಲ್ಲ.

"ಅಮ್ಮ..." ಸುಕ್ರಿ ದಿಬ್ಬದ ಕಡೆ ತಿರುಗಿದಳು.

"ಸುಮ್ನೆ ಕೂತ್ಕ. ಕೇಳಿದಾಗ ಮಾತಾಡು."

ಸುಕ್ರಿ ಬಾಯಿ ಮುಚ್ಚಿದಳು. ಕಳ್ಳಿಗೆ ಹೆದರಿಕೆ ಶುರುವಾಗಿದೆ ಎಂದುಕೊಂಡಳು ಸಣ್ಣಮ್ಮ.

ಮಳೆ ಹೊಡೆಯತೊಡಗಿತು. ಹೆಂಗಸರು ಪ್ಲಾಸ್ಟಿಕ್ ಹೊದ್ದು ಮುಖ ತಗ್ಗಿಸಿ ಮುದುಡಿದರು. ಸಣ್ಣಮ್ಮನ ಮನಸ್ಸು ಯಾಕೋ ಕರಗಿತು. ಹೋಗಲಿ, ಕಳ್ಳತನವನ್ನು ಹೊಟ್ಟೆಗೆ ಹಾಕಿಕೊಂಡರಾಯಿತು. ಇವತ್ತು ಮಗಳೇ ಗೆಲ್ಲಲಿ. ಸುಕ್ರಿಯ ತಲೆ ಮುಟ್ಟಿ, ವಿನುತಾಳಿಗೆ ಕೇಳಲೆಂದೇ ಜೋರಾಗಿ "ಒಂದು!" ಎಂದಳು. ಸುಕ್ರಿ ಬೆಚ್ಚಿ ತಲೆಯೆತ್ತಿದಳು. ಸಣ್ಣಮ್ಮ ಒಂದೊಂದೇ ತಲೆ ಮುಟ್ಟುತ್ತ ಮುಂದೆ ಹೋದಳು.

"ಹನ್ನೆರಡು. ಆತು ನಿತ್ಯಾನಂದ, ದೋಣಿ ಬಿಡು."

ಎದೆ ಹಗುರವಾಗಿತ್ತು. ಮನೆಗೆ ಹೋಗಿ ಮಗಳಿಗೆ ಬಳಚಿನ ಸುಕ್ಕ ಮಾಡಿ ಹಾಕಬೇಕು. ಸುಕ್ರಿ ಮಾತ್ರ ದಾರಿಯುದ್ದಕ್ಕೂ ಸೆರಗು ಹಿಂಡುತ್ತ ಹಿಂದೆ ನೋಡುತ್ತಿದ್ದಳು. ಒಮ್ಮೆ ತುಟಿ ಅಲ್ಲಾಡಿತು. ಸಣ್ಣಮ್ಮ ಗುರಾಯಿಸಿದಳು. ತುಟಿ ಮುಚ್ಚಿತು.

ಧಕ್ಕೆ ಮುಟ್ಟುವಾಗ ದಿಬ್ಬವಿದ್ದ ಜಾಗದಲ್ಲಿ ಬರಿಯ ನೀರು.

"ಈಗ ಹೇಳೆ, ಆ ಇನ್ನೊಂದು ಬುಟ್ಟಿ ಯಾರದು?" ಸಣ್ಣಮ್ಮ ನಗುತ್ತಲೇ ಕೇಳಿದಳು.

ಕೇಳಿದ ಮೇಲೆ ಸುಕ್ರಿ ಹೇಳಿದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ.

"ವಿನುತಕ್ಕಂದು. ಕಾಲು ಕೆಸರಲ್ಲಿ ಹೂತುಹೋಗಿತ್ತು. ಬುಟ್ಟಿ ಕೊಟ್ಟು, ಆಯೀನ ಕರ್ಕಂಡು ಬಾ ಅಂದ್ರು."

ಸುಕ್ರಿಯನ್ನೂ ಸೇರಿಸಿದ ಮೇಲೆ ಎಣಿಕೆ ಹದಿಮೂರಾಗಬೇಕಿತ್ತು.