ಐದನೆಯ ದಿಯೋಸ್ದಾದೊ

ತೆರುವೆಲ್ ಪ್ರಾಂತ್ಯ ಬಿಳಿಯಾಗಿರಲಿಲ್ಲ.

ಔರೆಯಾ ಕನ್ನಡಕ ತೆಗೆದು ಲಂಗದ ಅಂಚಿಗೆ ಒರೆಸಿ ಮತ್ತೆ ಹಾಕಿಕೊಂಡಳು. ಕಂಪ್ಯೂಟರಿನ ಪರದೆಯ ಮೇಲೆ ಸ್ಪೇನಿನ ನಕ್ಷೆ. ನೈಋತ್ಯದ ಬಾದಾಹೋಸ್ ಎಂದಿನಂತೆ ಕಡುನೀಲಿ. ಬಲಕ್ಕೆ, ಮೇಲೆ, ತಮ್ಮ ತೆರುವೆಲ್ ತೆಳುನೀಲಿ. ಅದರೊಳಗೆ ಒಂದು ಅಂಕಿ: ಐದು.

"ಹಳೇ ನಕ್ಷೆ ಇರ್ಬೇಕು," ಎಂದಳು ಮಗಳು ನಿಯೆವೆಸ್.

"ಹಳೇದಲ್ಲ ಕಣೇ. ಮೊನ್ನೆ ಹಾಕಿರೋದು," ಎಂದಳು ಊರಿನ ಗ್ರಂಥಾಲಯ ನೋಡಿಕೊಳ್ಳುವ ಎಲ್ವಿರಾ. "ಈ ವರ್ಷದ ಜನವರಿ ಒಂದಕ್ಕೆ ಎಷ್ಟು ಜನ ಇದ್ರೋ ಅಷ್ಟು."

ಒಂದು ಮನೆತನದ ಹೆಸರು ಟೈಪು ಮಾಡಿದರೆ ಆ ಹೆಸರಿನವರು ಯಾವ ಪ್ರಾಂತ್ಯದಲ್ಲಿ ಎಷ್ಟು ಮಂದಿ ಎಂದು ಆ ನಕ್ಷೆ ತೋರಿಸುತ್ತಿತ್ತು. ಐವರಿಗಿಂತ ಕಡಿಮೆ ಇದ್ದರೆ ಪ್ರಾಂತ್ಯವನ್ನು ಬಿಳಿಯಾಗಿ ಬಿಡುತ್ತಿದ್ದರು. ಔರೆಯಾ ಪ್ರತಿ ಜೂನ್‌ನಲ್ಲಿ ಬಂದು ಒಂದೇ ಹೆಸರು ನೋಡುತ್ತಿದ್ದಳು. ದಿಯೋಸ್ದಾದೊ. ಅದು ಅವಳದಲ್ಲ, ಗಂಡನದು. ಸ್ಪೇನಿನ ಎಲ್ಲ ಹೆಂಡತಿಯರಂತೆ ಅವಳಿಗೆ ಅವಳ ತವರಿನ ಹೆಸರು.

ಹದಿನೇಳು ವರ್ಷದ ಹಿಂದೆ ಮಗ ಅಬೀಲಿಯೊ ಅಪ್ಪನ ಜೊತೆ ಜಗಳವಾಡಿ ಮನೆ ಬಿಟ್ಟಿದ್ದ. ತೆರುವೆಲ್ ನಗರದಿಂದ ಒಂದು ಕಾರ್ಡು ಬಂತು. ಕೆಲಸ ಸಿಕ್ಕಿದೆ, ಹುಡುಕಬೇಡಿ. ಆಮೇಲೆ ಏನೂ ಇಲ್ಲ. ಇಡೀ ಪ್ರಾಂತ್ಯದಲ್ಲಿ ಆ ಹೆಸರಿನವರು ಐವರೇ: ಗಂಡ ಗೌದೆನ್ಸಿಯೊ, ಮಠ ಸೇರಿದ ಅವನ ಅಕ್ಕ, ಕುರಿ ಕಾಯುವ ತಮ್ಮ, ಮಗಳು ನಿಯೆವೆಸ್, ಮತ್ತೆ ಅಬೀಲಿಯೊ. ನಕ್ಷೆ ನೀಲಿಯಾಗಿರುವವರೆಗೆ ಮಗ ಬದುಕಿದ್ದಾನೆ, ಹತ್ತಿರದಲ್ಲೇ ಇದ್ದಾನೆ. ಅವಳಿಗೆ ಸಿಗುತ್ತಿದ್ದ ಸುದ್ದಿ ಅಷ್ಟೇ.

ಹೋದ ಆಗಸ್ಟಿನಲ್ಲಿ ಗೌದೆನ್ಸಿಯೊ ತೀರಿಕೊಂಡ. ಈ ಸಲ ನಾಲ್ವರು. ಬಿಳಿ ನೋಡಲು ಔರೆಯಾ ಮನಸ್ಸು ಗಟ್ಟಿ ಮಾಡಿಕೊಂಡು ಬಂದಿದ್ದಳು. ಬೇಡಮ್ಮ ಎಂದು ನಿಯೆವೆಸ್ ದಾರಿಯುದ್ದಕ್ಕೂ ಹೇಳಿದ್ದಳು.

"ಯಾರೋ ಬಾದಾಹೋಸ್‌ನೋರು ಈ ಕಡೆ ಬಂದು ಮನೆ ಮಾಡಿರ್ಬೇಕು ಔರೆಯಕ್ಕ," ಎಂದಳು ಎಲ್ವಿರಾ.

"ತೆರುವೆಲ್‌ಗಾ? ಹುಟ್ಟಿದೋರೇ ಇಲ್ಲಿ ನಿಲ್ಲಲ್ಲ, ಬಾದಾಹೋಸ್‌ನೋರು ಬರ್ತಾರಾ?" ಔರೆಯಾ ಬೆರಳು ಮಡಿಸಿದಳು. "ನಮ್ಮ ಅತ್ತಿಗೆ ಸನ್ಯಾಸಿನಿ. ಮೈದುನ ಕುರಿ ಮುಖ ಬಿಟ್ಟು ಇನ್ನೊಂದು ಮುಖ ನೋಡಿದೋನಲ್ಲ. ಇನ್ನು ಉಳಿದೋನು ಯಾರು?"

ಎಲ್ವಿರಾ ಮತ್ತೆ ಪರದೆಯ ಕಡೆ ಬಗ್ಗಿದಳು.

"ಅಬೀಲಿಯೊಗೆ ಮಗು ಆಗಿದೆ," ಎಂದಳು ಔರೆಯಾ.

ಎಲ್ವಿರಾ ಅವಳನ್ನು ತಬ್ಬಿಕೊಂಡಳು. ನಿಯೆವೆಸ್ ಕಿಟಕಿಯ ಕಡೆ ನೋಡುತ್ತ ನಿಂತಳು.

"ದೇವರು ಕೊಟ್ಟದ್ದು ಅಂತಲೇ ಅಲ್ವಾ ಆ ಹೆಸರಿನ ಅರ್ಥ," ಎಂದಳು ಎಲ್ವಿರಾ. "ಹಿಂದೆ ಚರ್ಚಿನ ಬಾಗಿಲಲ್ಲಿ ಬಿಟ್ಟುಹೋದ ಕೂಸುಗಳಿಗೆ ಪಾದ್ರಿಗಳು ಇಂಥ ಹೆಸರು ಬರೀತಿದ್ರಂತೆ. ನಿಮ್ಮ ಯಜಮಾನರ ಹತ್ರ ಹೇಳಿದ್ದಕ್ಕೆ ಒಂದು ತಿಂಗಳು ಮಾತು ಬಿಟ್ಟಿದ್ರು."

"ಅವರ ಮುತ್ತಜ್ಜ ಕುದುರೆ ಮೇಲೆ ಬಂದ ದೊಡ್ಡ ಮನುಷ್ಯರಂತೆ! ಎರಡು ಕತ್ತೆ ಇತ್ತು ಅಷ್ಟೆ." ಔರೆಯಾ ಗಂಡ ಸತ್ತ ಮೇಲೆ ಮೊದಲ ಸಲ ಜೋರಾಗಿ ನಕ್ಕಳು.

ಎಲ್ವಿರಾ ನಿಯೆವೆಸ್‌ಳ ತೋಳು ಹಿಡಿದಳು. "ಏನೇ ಇದು, ಇಷ್ಟು ಇಳಿದುಹೋಗಿದ್ದೀಯ? ಮಣ್ಣಿಗೆ ಬಂದಾಗ ದುಂಡಗಿದ್ದೆ. ಕ್ರಿಸ್ಮಸ್ಸಿಗೂ ಬರಲಿಲ್ಲ."

"ನಗರದಲ್ಲಿ ನಾನಿರೋದು ಮಾಂಸದ ಕಾರ್ಖಾನೇಲಿ ಅಲ್ವಾ. ಹಬ್ಬಕ್ಕೇ ಕೆಲಸ ಜಾಸ್ತಿ," ಎಂದಳು ನಿಯೆವೆಸ್.

ಮನೆಗೆ ಹೋಗುವ ದಾರಿಯಲ್ಲಿ ಔರೆಯಾ ಬಿಳಿ ಉಣ್ಣೆಯ ಮೂರು ಉಂಡೆ ಕೊಂಡಳು. ಅಡುಗೆಮನೆಯಲ್ಲಿ ಬೆಳ್ಳುಳ್ಳಿ ಸಾರು ಕುದಿಯುತ್ತಿರುವಾಗಲೇ ಹೆಣೆಯಲು ಕೂತಳು.

"ನೀನು ನಗರದಲ್ಲೇ ಇರೋಳು. ತಳ್ಳೋಗಾಡಿ ಕಂಡ್ರೆ ಸ್ವಲ್ಪ ಬಗ್ಗಿ ನೋಡು. ನಮ್ಮನೆ ಮಗು ಅಂದ್ರೆ ಗೊತ್ತಾಗ್ತದೆ."

"ಕಿವಿ ಮುಂದಕ್ಕೆ ಬಾಗಿರ್ತದೆ," ಎಂದಳು ನಿಯೆವೆಸ್.

"ಹ್ಞೂಂ! ನಿಮ್ಮಪ್ಪಂದೂ ಹಾಗೇ, ಅಬೀಲಿಯೋದೂ ಹಾಗೇ." ಸೂಜಿ ನಿಂತಿತು. "ಗಂಡೋ ಹೆಣ್ಣೋ?"

"ಹೆಣ್ಣು ಅಂದ್ಕೊಂಡು ಹೆಣಿಯಮ್ಮ."

ಬಸ್ಸಿನವರೆಗೆ ಬಂದ ಔರೆಯಾ ಮಗಳ ಅಂಗಿಯ ಗುಂಡಿ ಹಾಕಿದಳು, ಚಿಕ್ಕವಳಿಗೆ ಹಾಕುವ ಹಾಗೆ.

"ನಾನೊಂದು ತೀರ್ಮಾನ ಮಾಡಿದ್ದೀನಿ. ಅವನ ಹೆಸರಲ್ಲಿ ಸತ್ತೋರ ಪೂಜೆ ಹೇಳಿಸ್ಬೇಕು ಅಂತಿದ್ದೆ, ಬಿಟ್ಟೆ. ಬರೋ ಜೂನ್‌ನಲ್ಲೂ ಐದು ಇದ್ರೆ ನಾನೇ ನಗರಕ್ಕೆ ಬಂದು ಮನೆಮನೆ ತಟ್ಟಿ ಹುಡುಕ್ತೀನಿ. ಬಿಳಿಯಾದ್ರೆ ಮಾತ್ರ ಅವನು ಹೋದ ಅಂತಲೇ. ಆಮೇಲೆ ನಾನು ಯಾವುದಕ್ಕೂ ಕಾಯಲ್ಲ. ಊಟಕ್ಕೂ."

"ಹಾಗೆಲ್ಲ ಅನ್ಬೇಡಮ್ಮ."

"ನೀನ್ಯಾಕೆ ಹೆದರ್ತೀಯ? ಈಗ ಮಗು ಇದೆಯಲ್ಲ."

ಬಸ್ಸಿನಲ್ಲಿ ನಿಯೆವೆಸ್ ಕೈಯನ್ನು ತೊಡೆಯ ಮೇಲಿಟ್ಟು ಕೂತಿದ್ದಳು. ಹೊರಗೆ ಗೋದಿ ಕಟಾವು ನಡೆದಿತ್ತು. ಅವಳಿಗೆ ಅಳು ಬರಲಿಲ್ಲ. ಬರಬೇಕು ಎಂದೂ ಅನಿಸಲಿಲ್ಲ. ಬಿಸಿಲು ಇಳಿಯುವ ಮೊದಲೇ ನಗರ ತಲುಪಿದಳು. ಬಾಡಿಗೆ ಮನೆಯ ಟಪಾಲು ಪೆಟ್ಟಿಗೆಯಲ್ಲಿ ನ್ಯಾಯಾಲಯದ ಲಕೋಟೆ ಇತ್ತು. ಮೆಟ್ಟಿಲ ಮೇಲೆ ನಿಂತೇ ಒಡೆದಳು.

ಕಳೆದ ನವೆಂಬರ್ ಒಂಬತ್ತರಂದು ಹುಟ್ಟಿ, ಈವರೆಗೆ ದಿಯೋಸ್ದಾದೊ ಎಂದು ದಾಖಲಾಗಿದ್ದ ಹೆಣ್ಣುಮಗುವನ್ನು ದತ್ತು ಕೊಡಲಾಗಿದೆ. ಇನ್ನು ಮುಂದೆ ಅದಕ್ಕೆ ದತ್ತು ಪಡೆದವರ ಹೆಸರು.

ಕೆಳಗೆ ಎರಡು ಸಾಲು. ತಂದೆ: ನಮೂದಿಲ್ಲ. ಮಾರ್ಚಿನಲ್ಲಿ ಒಪ್ಪಿಗೆಯ ಸಹಿ ಹಾಕಿದ ಹೆತ್ತ ತಾಯಿ: ನಿಯೆವೆಸ್ ದಿಯೋಸ್ದಾದೊ.